ಪದ್ಮಿನಿ ಗೇರ್ ಬೀಳುತ್ತಿಲ್ಲ: ಬಾಕ್ಸ್ ಬಿಚ್ಚಿಸುವ ಮೊದಲು
ನಮಸ್ಕಾರ ಸರ್. ಹಳೇ ಪ್ರೀಮಿಯರ್ ಪದ್ಮಿನಿ ಕಾರು, ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಲಿವರ್, ಫಸ್ಟ್ ಮತ್ತು ರಿವರ್ಸ್ ಬೀಳ್ತಿಲ್ಲ, ಗೇರ್‌ಬಾಕ್ಸ್ ಬಿಚ್ಚಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಫ್ ಇದ್ದಾಗಲೂ ಬೀಳದಿದ್ದರೆ ಗಾಡಿ ಸ್ವಲ್ಪ ತಳ್ಳಿ ಮತ್ತೆ ಹಾಕಿ. ಆಗಲೂ ಇಲ್ಲವೆಂದರೆ ನನಗೆ ಅನುಮಾನ ಲಿಂಕೇಜ್ ಮೇಲೆ, ಅಂದರೆ ಗೇರ್ ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ರಾಡ್‌ಗಳ ಮೇಲೆ.

ಬಾನೆಟ್ ಎತ್ತಿ. ಒಬ್ಬರು ಲಿವರ್ ಆಡಿಸಲಿ, ನೀವು ರಾಡ್ ನೋಡಿ. ಲಿವರ್ ಒಂದು ಬೆರಳು ಸರಿದ ಮೇಲೆ ರಾಡ್ ಅಲುಗಿದರೆ ಬುಷ್ (ರಾಡ್ ಕೀಲಿನಲ್ಲಿ ಕೂರುವ ಸಣ್ಣ ಬಳೆ) ಸವೆದಿದೆ. ನಮ್ಮ ಕಲಬುರಗಿ, ಶಹಾಬಾದ್ ಕಡೆ ಕಲ್ಲಿನ ಧೂಳು ಜಾಸ್ತಿ ಅಲ್ವಾ, ಗ್ರೀಸಿಗೆ ಅಂಟಿ ಎಲ್ಲ ಸವೆಸುತ್ತದೆ. ನನ್ನ ಗಾಡಿಯ ಬುಷ್ ತೆಗೆದಾಗ ದುಂಡಗಿನ ತೂತು ಮೊಟ್ಟೆಯಂತಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಬುಷ್ ಹಾಕಿಸಿ, ಗ್ರೀಸ್ ಹಚ್ಚಿ. ರಾಡ್ ಹೊಂದಿಸುವುದು ಆಮೇಲೆ.