ಬ್ಯಾಂಕಿನ ಹೆಸರಿನಲ್ಲಿ ಬಂದ ಇಮೇಲ್: ಒಂದು ಆಪ್ತಸಲಹೆ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಕನ್ನಡ ಮಾಧ್ಯಮ ಶಾಲೆಯಿಂದ ನಿವೃತ್ತರಾದ ಅಧ್ಯಾಪಕರೊಬ್ಬರು, ರಾತ್ರಿ ನಿದ್ದೆ ಹತ್ತುವುದಿಲ್ಲ, ಮನೆಯವರ ಮುಖ ನೋಡಲಾಗುವುದಿಲ್ಲ ಎಂದು ಆಪ್ತಸಲಹೆಗೆ ಬಂದರು. ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಾತು ಸಡಿಲವಾದ ಮೇಲೆ ವಿಷಯ ತಿಳಿಯಿತು: ಅಡಿಕೆ ಮಾರಿ ಖಾತೆಯಲ್ಲಿಟ್ಟಿದ್ದ ಹಣದ ಬಹುಪಾಲು ಹೋಗಿತ್ತು, ಅದನ್ನು ಅವರು ಹೆಂಡತಿಗಾಗಲಿ, ಗಲ್ಫಿನಲ್ಲಿರುವ ಮಗನಿಗಾಗಲಿ, ಕೊನೆಗೆ ಬ್ಯಾಂಕಿಗಾಗಲಿ ತಿಳಿಸಿರಲಿಲ್ಲ.

ಕೆವೈಸಿ, ಅಂದರೆ ಬ್ಯಾಂಕಿಗೆ ಕೊಡುವ ಗುರುತು-ವಿಳಾಸದ ದಾಖಲೆ, ನವೀಕರಿಸದಿರುವುದರಿಂದ ಸಂಜೆಯೊಳಗೆ ಖಾತೆ ಸ್ಥಗಿತಗೊಳ್ಳಲಿದೆ ಎಂದು ಬ್ಯಾಂಕಿನ ಲಾಂಛನವಿದ್ದ ಇಮೇಲ್ ಇಂಗ್ಲಿಷಿನಲ್ಲಿ ಬಂದಿತ್ತು. ಮಗ ಕಳುಹಿಸುವ ಹಣವೂ ಅದೇ ಖಾತೆಗೆ ಬರುತ್ತಿದ್ದುದರಿಂದ ಗಾಬರಿಯಾಗಿ ಲಿಂಕ್ ಒತ್ತಿದರು. ತೆರೆದ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟರು, ಬಳಿಕ ಫೋನಿಗೆ ಬಂದ ಒಟಿಪಿಯನ್ನೂ ತುಂಬಿದರು. ಆ ಒಟಿಪಿ ಸಂದೇಶವನ್ನು ನನ್ನೆದುರೇ ಮತ್ತೆ ಓದಿಸಿದೆ. ಅದು ಹಣ ವರ್ಗಾವಣೆಗೆ ಎಂದು ಮೊತ್ತದ ಸಹಿತ ಅದರಲ್ಲೇ ಬರೆದಿತ್ತು. ಅವಸರದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅಂಕಿಗಳು ಮಾತ್ರ. ಕಾಸರಗೋಡಿನಲ್ಲಿ ಕನ್ನಡ ಕಲಿತ ಹಿರಿಯರ ಕೈಗೆ ಬರುವ ಕಾಗದಪತ್ರಗಳು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಪೂರ್ತಿ ಅರ್ಥವಾಗದಿದ್ದರೂ ಲಾಂಛನ ನೋಡಿ ನಂಬುವ ರೂಢಿ ಹೀಗೆ ಬೆಳೆದಿದೆ ಎಂಬುದು ನನ್ನ ಅನಿಸಿಕೆ.

"ಮಕ್ಕಳಿಗೆ ಬುದ್ಧಿ ಹೇಳಿದವನು ನಾನು, ಇದನ್ನು ಯಾವ ಬಾಯಲ್ಲಿ ಹೇಳಲಿ?" ಎಂದು ಕೇಳಿದರು. "ಮಾಸ್ಟ್ರೇ, ನಿಮ್ಮನ್ನು ಹೆದರಿಸಿ ಮೋಸ ಮಾಡಿದ್ದಾರೆ, ಅಪರಾಧ ಅವರದ್ದು, ಮೊದಲು ದೂರು ಕೊಡುವ, ಉಳಿದದ್ದನ್ನು ಆಮೇಲೆ ಮಾತಾಡುವ" ಎಂದೆ. ಕುಳಿತಲ್ಲಿಂದಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿದ್ದ ಬ್ಯಾಂಕಿನ ಸಂಖ್ಯೆಗೂ ಕರೆ ಮಾಡಿಸಿ ನೆಟ್‌ಬ್ಯಾಂಕಿಂಗ್ ನಿಲ್ಲಿಸಿದೆವು.

ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕರೇ ಗುಪ್ತ ವಿವರ ಕೊಟ್ಟು ಆದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಹೊರಬೇಕಿತ್ತು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ಅದರಲ್ಲಿತ್ತು. ಹೋದ ಹಣ ಮರಳುತ್ತದೆಂಬ ಭರವಸೆಯನ್ನು ನಾನು ಕೊಡಲಿಲ್ಲ. ಆದರೆ ನಾಚಿಕೆಯಿಂದ ಬಾಯಿ ಕಟ್ಟಿಕೊಂಡಷ್ಟು ಹೊತ್ತೂ ನಷ್ಟ ತಮ್ಮ ತಲೆಗೇ ಬೀಳುತ್ತದೆ ಎಂಬುದು ಅವರಿಗೆ ಮನವರಿಕೆಯಾಯಿತು.

ಇಮೇಲನ್ನು ಪರೀಕ್ಷಿಸುವ ಕ್ರಮವನ್ನೂ ಅದೇ ಫೋನಿನಲ್ಲಿ ತೋರಿಸಿದೆ. ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದನ್ನು ಒತ್ತಿದಾಗ ಕಳುಹಿಸಿದವರ ಪೂರ್ತಿ ವಿಳಾಸ ಕಾಣಿಸಿತು, ಅದಕ್ಕೂ ಬ್ಯಾಂಕಿಗೂ ಸಂಬಂಧವೇ ಇರಲಿಲ್ಲ. ವಿಳಾಸವನ್ನೂ ನಕಲಿ ಮಾಡಲು ಸಾಧ್ಯವಿರುವುದರಿಂದ ಅದು ಸರಿಯಾಗಿ ಕಂಡರೂ ಲಿಂಕ್ ಒತ್ತಬಾರದು. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆ ವಿಳಾಸವನ್ನು ತಾವೇ ಟೈಪ್ ಮಾಡಿ ಒಳಹೋಗುವುದು ಅಥವಾ ಶಾಖೆಗೇ ಹೋಗಿ ಕೇಳುವುದು ಒಳ್ಳೆಯದು. ಇಂದೇ ಮಾಡಬೇಕೆಂದು ಅವಸರಪಡಿಸುವ ಪತ್ರವನ್ನು ಮನೆಯ ಇನ್ನೊಬ್ಬರಿಗೆ ತೋರಿಸದೆ ಏನನ್ನೂ ತುಂಬಬಾರದೆಂದೂ ಹೇಳಿದೆ.

ಮುಂದಿನ ಸಲ ಪತ್ನಿಯೂ ಜೊತೆಗೆ ಬಂದರು. ಹಣ ಹೋದದ್ದಕ್ಕಿಂತ, ತನ್ನಿಂದ ಮುಚ್ಚಿಟ್ಟದ್ದೇ ಅವರಿಗೆ ಹೆಚ್ಚು ನೋವಾಗಿತ್ತು. ಅದನ್ನು ಅವರು ಯಜಮಾನರ ಎದುರೇ ಹೇಳಿದರು. ಆ ಬಗ್ಗೆ ಇಬ್ಬರೊಡನೆಯೂ ಮಾತುಕತೆ ಮುಂದುವರಿದಿದೆ.