ಫಿನ್ನಿ ಪ್ರೆಸ್ಟನ್ ಬಿಡಲಿಲ್ಲವೋ, ಬಿಡಗೊಡಲಿಲ್ಲವೋ?

ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿನ ಇಂಗ್ಲಿಷ್ ಫುಟ್‌ಬಾಲಿಗ ಟಾಮ್ ಫಿನ್ನಿಯವರನ್ನು ‘ಒಂದೇ ಕ್ಲಬ್ಬಿನ ಆಟಗಾರ’ ಎಂದು ನಾವು ಬರೆದದ್ದಕ್ಕೆ ಓದುಗರೊಬ್ಬರು ಎರಡು ತಕರಾರು ತೆಗೆದಿದ್ದಾರೆ. ಅವರು ಉತ್ತರ ಐರ್ಲೆಂಡಿನ ಡಿಸ್ಟಿಲರಿ ಕ್ಲಬ್ ಪರವೂ ಆಡಿದ್ದಾರಲ್ಲ? ಇಟಲಿಯ ಕ್ಲಬ್ ಕರೆದರೂ ಹೋಗದೆ ಉಳಿದದ್ದು ನಾವು ಬರೆದಂತೆ ನಿಷ್ಠೆಯಿಂದಲೇ?

ಮೊದಲನೆಯದು ನಿಜ. 1960ರಲ್ಲಿ ತೊಡೆಸಂದಿನ ಗಾಯದಿಂದ ನಿವೃತ್ತರಾದ ಫಿನ್ನಿ, 1963ರಲ್ಲಿ, ತಮ್ಮ 41ನೇ ವಯಸ್ಸಿನಲ್ಲಿ, ಯುರೋಪಿಯನ್ ಕಪ್‌ನಲ್ಲಿ ಬೆನ್‌ಫಿಕಾ ವಿರುದ್ಧ ಡಿಸ್ಟಿಲರಿಗಾಗಿ ಕಣಕ್ಕಿಳಿದರು. ಪಂದ್ಯ 3–3 ಸಮವಾಯಿತು. ನಾವು ಹಿಡಿದದ್ದು ಇಂಗ್ಲಿಷ್ ಲೀಗಿನ ಲೆಕ್ಕ: 433 ಪಂದ್ಯ, 187 ಗೋಲು, ಎಲ್ಲವೂ ಪ್ರೆಸ್ಟನ್ ನಾರ್ತ್ ಎಂಡ್‌ಗೆ. ಅದನ್ನು ಬಿಡಿಸಿ ಹೇಳಬೇಕಿತ್ತು.

ಎರಡನೆಯ ಪ್ರಶ್ನೆ ದೊಡ್ಡದು. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಮುಂದಿಟ್ಟದ್ದು ಸಹಿ ಹಾಕಿದರೆ 10,000 ಪೌಂಡ್, ತಿಂಗಳಿಗೆ 130 ಪೌಂಡ್, ಮೇಲೆ ಬೋನಸ್ಸು, ಸಮುದ್ರದ ಹತ್ತಿರ ಬಂಗಲೆ, ಕಾರು. ಇಂಗ್ಲೆಂಡಿನಲ್ಲಿ ಆಗ ಎಂಥ ಆಟಗಾರನಿಗೂ ವಾರಕ್ಕೆ 14 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಫಿನ್ನಿ ವಿಷಯ ಎತ್ತಿದರು. ಕ್ಲಬ್ ಅಧ್ಯಕ್ಷ ನ್ಯಾಟ್ ಬಕ್ ಸಾಧ್ಯವಿಲ್ಲ ಎಂದರು. ಮಾತು ಅಲ್ಲಿಗೆ ಮುಗಿಯಿತು. ಯಾಕೆಂದರೆ ಕರಾರಿನ ಅವಧಿ ತೀರಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಕ್ಲಬ್ ‘ಉಳಿಸಿಕೊಂಡಿದ್ದೇವೆ’ ಎಂದು ಪಟ್ಟಿಯಲ್ಲಿ ಹೆಸರು ಸೇರಿಸಿದರೆ ಮುಗಿಯಿತು, ಬೇರೆ ಕಡೆ ಆಡುವ ದಾರಿ ಬಂದ್. ಇಂಗ್ಲೆಂಡ್ ತಂಡದ ಆಟಗಾರ ನೀಲ್ ಫ್ರಾಂಕ್ಲಿನ್ 1950ರಲ್ಲಿ ಬೊಗೋಟಾಗೆ ಹೋಗಲು ಸಾಧ್ಯವಾದದ್ದು ಕೊಲಂಬಿಯಾದ ಲೀಗ್ ಆಗ ಫಿಫಾದ ಹೊರಗಿದ್ದು, ಈ ನೋಂದಣಿಯ ಕಟ್ಟು ಅಲ್ಲಿಗೆ ತಾಗದಿದ್ದುದರಿಂದ. ಮರಳಿದ ಮೇಲೆ ಅಮಾನತಾದರು, ಇಂಗ್ಲೆಂಡ್ ತಂಡಕ್ಕೆ ಮತ್ತೆ ಸೇರಲೇ ಇಲ್ಲ. ಇಟಲಿ ಫಿಫಾದ ಒಳಗಿತ್ತು; ಫಿನ್ನಿಗೆ ಆ ಕಳ್ಳದಾರಿಯೂ ಇರಲಿಲ್ಲ. ವೇತನದ ಮಿತಿ ಹೋದದ್ದು 1961ರಲ್ಲಿ, ಆಟಗಾರನನ್ನು ಹೀಗೆ ಉಳಿಸಿಕೊಳ್ಳುವ ಪದ್ಧತಿಯ ವಿರುದ್ಧ ಆಟಗಾರ ಜಾರ್ಜ್ ಈಸ್ಟ್‌ಹ್ಯಾಮ್ ಕೋರ್ಟಿನಲ್ಲಿ ಗೆದ್ದದ್ದು 1963ರಲ್ಲಿ. ಆದ್ದರಿಂದ ಅದನ್ನು ಬರೀ ನಿಷ್ಠೆ ಎಂದು ಕರೆದ ನಮ್ಮ ವಾಕ್ಯವನ್ನು ಹಿಂದಕ್ಕೆ ಪಡೆಯುತ್ತೇವೆ.

ಹಾಗೆಂದು ಅವರ ಪ್ರೆಸ್ಟನ್ ಪ್ರೀತಿ ಸುಳ್ಳಲ್ಲ. ಹುಟ್ಟೂರು ಅದೇ. ಪ್ಲಂಬರ್ ಕೆಲಸ ಪೂರ್ತಿ ಕಲಿಯದೆ ಫುಟ್‌ಬಾಲ್ ಬೇಡ ಎಂದು ತಂದೆ ಹಟ ಹಿಡಿದಿದ್ದರು; ಆ ಕಸುಬು ಆಟದ ಜೊತೆಗೇ ನಡೆಯಿತು. ಯುದ್ಧದಲ್ಲಿ ಈಜಿಪ್ಟ್, ಇಟಲಿಗಳಲ್ಲಿ ಟ್ಯಾಂಕ್ ಪಡೆಯ ಸೈನಿಕರಾಗಿದ್ದರಿಂದ ಮೊದಲ ಲೀಗ್ ಪಂದ್ಯ ಆಡುವಾಗ 24 ತುಂಬಿತ್ತು.

ಆಟದ ವಿಷಯಕ್ಕೆ ಬಂದರೆ, ಹುಟ್ಟಾ ಎಡಗಾಲಿನವರಾದರೂ ಬಲಗಾಲನ್ನು ಪಳಗಿಸಿಕೊಂಡು ಬಲ ಅಂಚಿನಲ್ಲಿ ಆಡಿದರು. ಚೆಂಡು ಹೊರಕ್ಕೆ ಹೋಗುತ್ತದೋ ಒಳಕ್ಕೆ ತಿರುಗುತ್ತದೋ ತಿಳಿಯದೆ ಎದುರಾಳಿ ರಕ್ಷಣಾ ಆಟಗಾರ ಒಂದು ಕ್ಷಣ ತಡೆದು ನಿಲ್ಲಬೇಕಿತ್ತು, ಅಷ್ಟರಲ್ಲಿ ಇವರು ದಾಟಿರುತ್ತಿದ್ದರು. 1956ರಲ್ಲಿ ಸ್ಟ್ಯಾಮ್‌ಫರ್ಡ್ ಬ್ರಿಜ್‌ನ ನೀರು ನಿಂತ ಅಂಗಳದಲ್ಲಿ ತೆಗೆದ ಚಿತ್ರ ನೋಡಿ: ಇಬ್ಬರು ಚೆಲ್ಸಿ ಆಟಗಾರರ ನಡುವಿಂದ ನುಗ್ಗುವ ಅವರ ಸುತ್ತ ನೀರು ಬೀಸಣಿಗೆಯಂತೆ ಚಿಮ್ಮಿದೆ. ಪ್ರೆಸ್ಟನ್ ಕ್ಲಬ್ಬಿನ ಡೀಪ್‌ಡೇಲ್ ಮೈದಾನದ ಹೊರಗಿನ ಪ್ರತಿಮೆ ಇದೇ ಭಂಗಿಯದು.

ಲೀಗ್ ಪಟ್ಟ ಮಾತ್ರ ಒಲಿಯಲಿಲ್ಲ. 1953ರಲ್ಲಿ ಆರ್ಸೆನಲ್‌ಗೂ ಪ್ರೆಸ್ಟನ್‌ಗೂ 54 ಅಂಕ. ಅಂಕ ಸಮವಾದರೆ ಆಗ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುತ್ತಿದ್ದರು: ಆರ್ಸೆನಲ್ 97ಕ್ಕೆ 64, ಅಂದರೆ 1.516, ಪ್ರೆಸ್ಟನ್ 85ಕ್ಕೆ 60, ಅಂದರೆ 1.417. ಪಟ್ಟ ಆರ್ಸೆನಲ್‌ಗೆ ಹೋಯಿತು. ಮರುವರ್ಷ ಎಫ್‌ಎ ಕಪ್ ಫೈನಲ್‌ನಲ್ಲೂ ವೆಸ್ಟ್ ಬ್ರಾಮ್‌ವಿಚ್‌ಗೆ 3–2ರಿಂದ ಸೋಲು. ಫಿನ್ನಿ ನಿವೃತ್ತರಾದ ಮರುಋತುವಿನಲ್ಲೇ ಪ್ರೆಸ್ಟನ್ ಮೇಲಿನ ಡಿವಿಷನ್‌ನಿಂದ ಕೆಳಗಿಳಿಯಿತು. ಇಂದಿಗೂ ಅಲ್ಲಿಗೆ ಮರಳಿಲ್ಲ.

— ಸಂಪಾದಕರು