ಗದ್ದೆಯ ನೀಲಿ, ಕೆರೆಯ ಹಳದಿ

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ತೇಲುವ ಹಳದಿ ಹೂವಿನ ಗಿಡ ಹುಳ ಹಿಡಿಯುತ್ತದಂತೆ. ಅದರ ಕಪ್ಪು ಗುಳ್ಳೆಗಳನ್ನು ನೋಡಿದ್ದೇನೆ. ಬೈಲುಗದ್ದೆಯ ನೀಲಿ ಹೂವೂ ಅದರ ದಾಯಾದಿ ಎನ್ನುತ್ತಾರೆ. ಎಷ್ಟು ಕಿತ್ತು ನೋಡಿದರೂ ಗುಳ್ಳೆ ಕಾಣಲಿಲ್ಲ. ಹಳದಿಯದನ್ನು ತೊಟ್ಟಿಗೆ ಬಿಟ್ಟರೆ ಸೊಳ್ಳೆ ಕಡಿಮೆಯಾದೀತೇ?

ಉತ್ತರ: ಗುಳ್ಳೆ ಇತ್ತು, ನೀವು ಕೀಳುವಾಗ ಕೆಸರಲ್ಲೇ ಉಳಿಯಿತು. ಇನ್ನೊಮ್ಮೆ ಅಂಗೈಯಗಲದ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಿಳಿ ತಟ್ಟೆಯ ನೀರಿನಲ್ಲಿ ಮೆಲ್ಲಗೆ ಕರಗಿಸಿ. ಕೂದಲೆಳೆಯಂಥ ಹಂಬುಗಳಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಮಸೂರದಲ್ಲಿ ಕಾಣುತ್ತವೆ.

ಎರಡೂ ಯುಟ್ರಿಕ್ಯುಲೇರಿಯಾ ಕುಲದವೇ. ಕೆರೆಯದು ಆರಿಯಾ, ಗದ್ದೆಯದು ಬಹುಶಃ ರೆಟಿಕ್ಯುಲೇಟಾ. ‘ಬಹುಶಃ’ ಎಂದದ್ದಕ್ಕೆ ಕಾರಣವಿದೆ: ಮಳೆಗಾಲದ ಗದ್ದೆ, ಪದವುಗಳಲ್ಲಿ (ಮುರಕಲ್ಲಿನ ಬಯಲುಗಳಲ್ಲಿ) ಇಂಥ ನೀಲಿ ಹೂವಿನ ಪ್ರಭೇದಗಳು ಹಲವು. ದಂಟು ಪಕ್ಕದ ಹುಲ್ಲಿಗೋ ಭತ್ತದ ಪೈರಿಗೋ ಸುತ್ತಿಕೊಂಡಿದ್ದು, ಎಸಳಿನ ಮೇಲೆ ಬಲೆಯಂಥ ಗೆರೆಗಳಿದ್ದರೆ ರೆಟಿಕ್ಯುಲೇಟಾ ಎನ್ನಬಹುದು. ಓಣಂ ಹಬ್ಬದ ಹೂರಂಗೋಲಿ ‘ಪೂಕಳಂ’ಗೆ ಕೇರಳದವರು ಬಳಸುವ ‘ಕಾಕ್ಕಪ್ಪೂವು’ ಇದೇ.

ಎರಡಕ್ಕೂ ಬೇರು ಎಂಬುದೇ ಇಲ್ಲ. ಬೇಟೆಯ ಉಪಾಯವೂ ಒಂದೇ. ಗುಳ್ಳೆ ತನ್ನೊಳಗಿನ ನೀರನ್ನು ಹೊರಹಾಕಿ, ಕೆನ್ನೆ ಒಳಗೆಳೆದುಕೊಂಡವರಂತೆ ಬಿಗಿಯಾಗಿ ಕಾದಿರುತ್ತದೆ. ಬಾಗಿಲ ಬಳಿಯ ಕೂದಲು ಮುಟ್ಟಿದರೆ ಸಾಕು, ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತಿನಲ್ಲಿ ನೀರಿನೊಂದಿಗೆ ಜೀವಿಯೂ ಒಳಗೆ. ಈ ವೇಗ ಕಣ್ಣಿಗೆ ನಿಲುಕದ್ದು. ಜೀವಿಗಳೇ ತಲೆಯಿಂದ ಬಾಗಿಲು ನೂಕಿಕೊಂಡು ಹೋಗುತ್ತವೆ ಎಂದು 1875ರಲ್ಲಿ ಡಾರ್ವಿನ್ನನೇ ತಪ್ಪಾಗಿ ಬರೆದುಬಿಟ್ಟ!

ವ್ಯತ್ಯಾಸವಿರುವುದು ಊಟದಲ್ಲಿ. ಆರಿಯಾದ ಗುಳ್ಳೆ ಕೆಲವು ಮಿಲಿಮೀಟರ್ ಬೆಳೆಯುತ್ತದೆ, ನೀರಚಿಗಟಗಳೆಂಬ ಪುಟ್ಟ ಜಲಜೀವಿಗಳನ್ನು ನುಂಗುತ್ತದೆ. ಗದ್ದೆಯದಕ್ಕೆ ಮಣ್ಣಿನ ತೇವದಲ್ಲಿ ಈಜುವ ಸೂಕ್ಷ್ಮಜೀವಿಗಳೇ ಗತಿ. ನನಗೆ ಅದೇ ಹೆಚ್ಚು ಜಾಣ ಎನಿಸುತ್ತದೆ: ಮೇಲೆ ಸಾಧು ಹೂವು, ಬೇಟೆಯೆಲ್ಲ ನೆಲದಡಿ. ನೀರಿಳಿದು ಗದ್ದೆ ಒಣಗಿದಾಗ ಬೀಜ ಉದುರಿಸಿ ಅದರ ಕಥೆ ಮುಗಿಯುತ್ತದೆ. ಆರಿಯಾ ಹೂ ಬಾಡಿದ ಮೇಲೂ ಗುರುತು ಸಿಗುತ್ತದೆ, ಕಾಯಿಯ ತೊಟ್ಟು ಕೆಳಕ್ಕೆ ಬಾಗಿ, ಕಾಯಿಗೆ ಉದ್ದ ಕೊಕ್ಕಿರುತ್ತದೆ.

ಸೊಳ್ಳೆ ವಿಷಯ: ಆಗಷ್ಟೇ ಮೊಟ್ಟೆಯೊಡೆದ ಮರಿ ಆರಿಯಾಕ್ಕೆ ಸಿಕ್ಕೀತು, ಬಲಿತದ್ದು ಆ ಬಾಯಿಗೆ ದೊಡ್ಡ ತುತ್ತು. ತೊಟ್ಟಿಯಲ್ಲಿ ಪಾಚಿ ಹಬ್ಬಿದರಂತೂ ಗಿಡವೇ ಸೊರಗುತ್ತದೆ. ಅದನ್ನು ಕೆರೆಯಲ್ಲೇ ಬಿಟ್ಟು, ತೊಟ್ಟಿಗೊಂದು ಮುಚ್ಚಳ ಹಾಕಿಸಿ.